ನಳಿನಿಗೆ ಮದುವೆ ಯಾಕೆ ಮಾಡಲಿಲ್ಲ?

ಕಾದಂಬರಿ ಬರೆದವರನ್ನು ಜನ ಸುಮ್ಮನೆ ಬಿಡುವುದಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದರೂ ಸರಿ, ಬಸ್ಸಿಗೆ ಓಡುತ್ತಿದ್ದರೂ ಸರಿ, ಹಿಡಿದು ನಿಲ್ಲಿಸಿ ಒಂದು ಅಭಿಪ್ರಾಯ ಹೇಳಿಯೇ ಕಳಿಸುತ್ತಾರೆ. ನನಗಂತೂ ಇದು ಅಭ್ಯಾಸವಾಗಿಹೋಗಿದೆ.

ಐವತ್ತರ ದಶಕದ ಕೊನೆಯಲ್ಲಿ ನಾನು ಚಿಂತಾಮಣಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಆಗ ಒಂದು ಕಾದಂಬರಿ ಬರೆದು ಅಚ್ಚು ಹಾಕಿಸಿದೆ. ಕಥೆ ಇಷ್ಟು: ಪ್ರಭಾಕರ ದೊಡ್ಡ ಮನೆತನದ ಹುಡುಗ. ನಳಿನಿ ತಂದೆತಾಯಿ ಯಾರೆಂದು ತಿಳಿಯದ ಅನಾಥೆ. ಇಬ್ಬರಿಗೂ ಪ್ರೇಮ. ಮದುವೆಗೆ ಎಲ್ಲರೂ ಒಪ್ಪಿದ ಮೇಲೆ ಹುಡುಗನ ಅಜ್ಜಿ ನಳಿನಿಯ ಕತ್ತಿನಲ್ಲಿ ತನ್ನ ಹಿರಿಮಗನಿಗಿದ್ದಂಥದೇ ಮಚ್ಚೆ ನೋಡಿ ಮನೆಯ ಹಳೆಯ ಗುಟ್ಟನ್ನು ಹೊರಹಾಕುತ್ತಾಳೆ. ಪ್ರಭಾಕರನ ದೊಡ್ಡಪ್ಪ ಹಿಂದೆ ನಾಟಕದ ಕಂಪನಿಯ ಜೊತೆ ಓಡಿಹೋಗಿ, ಪರವೂರಿನಲ್ಲಿ ಮದುವೆಯಾಗಿ, ಕಾಯಿಲೆ ಬಿದ್ದು ತೀರಿಕೊಂಡಿದ್ದ. ನಳಿನಿ ಅವನ ಮಗಳು. ಅಂದರೆ ಪ್ರಭಾಕರನಿಗೆ ತಂಗಿ. ಇಬ್ಬರೂ ಕಣ್ಣೀರಿಟ್ಟು ಬೇರೆಯಾಗುತ್ತಾರೆ.

ಓದಿದವರು ಅಳಲಿ ಎಂದೇ ಬರೆದದ್ದು, ಅತ್ತರು. ಆ ವಿಷಯದಲ್ಲಿ ನನಗೆ ಆಗಲೂ ಸಂಕೋಚವಿರಲಿಲ್ಲ, ಈಗಲೂ ಇಲ್ಲ. ಆದರೆ ಮೂಗು ಒರೆಸಿಕೊಂಡ ಮೇಲೆ ಅವರು ಹೇಳಿದ್ದಿದೆಯಲ್ಲ, ಅದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಅಳುವುದಕ್ಕೂ ಹೊತ್ತಿದೆ

ಮೊದಲ ವಿಮರ್ಶಕಿ ನಮ್ಮ ಅತ್ತೆ. ಅವರಿಗೆ ಓದಲು ಬರುತ್ತಿರಲಿಲ್ಲ. ಊಟವಾದ ಮೇಲೆ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು, "ಅದೇನು ಬರ್ದಿದ್ದೀಯೋ ಓದಮ್ಮ, ಕೇಳಣ" ಅಂದರು. ನಾನು ಹುರುಪಿನಿಂದಲೇ ಶುರು ಮಾಡಿದೆ. ನಳಿನಿ ಮುಸ್ಸಂಜೆಯಲ್ಲಿ ಕಂಬಕ್ಕೆ ಒರಗಿ ಬಿಕ್ಕಿ ಬಿಕ್ಕಿ ಅಳುವ ಜಾಗ ಬಂತು. ನನಗೆ ಬಲು ಇಷ್ಟವಾದ ಜಾಗ ಅದು.

"ನಿಲ್ಸು," ಅಂದರು ಅತ್ತೆ. "ದೀಪ ಹಚ್ಚೋ ಹೊತ್ನಲ್ಲಿ ಹೆಣ್ಣುಮಗಳು ಅತ್ರೆ ಲಕ್ಷ್ಮಿ ಮನೇಲಿ ನಿಲ್ತಾಳಾ? ಬೆಳಿಗ್ಗೆ ಅಳಿಸು."

"ಅಚ್ಚಾಗಿಬಿಟ್ಟಿದೆ ಅತ್ತೆ."

"ಅಚ್ಚಾದ್ರೇನು? ಓದೋಳು ನೀನು ತಾನೆ?"

ಸರಿ, ಹಿರಿಯರ ಮಾತು ಯಾಕೆ ಮೀರಬೇಕು ಎಂದು, "ಬೆಳಗಿನ ಜಾವದಲ್ಲಿ ನಳಿನಿ ಕಂಬಕ್ಕೆ ಒರಗಿ" ಎಂದು ತಿದ್ದಿ ಓದಿದೆ. ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು.

"ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕೋದು ಬಿಟ್ಟು ಕಂಬ ಹಿಡ್ಕೊಂಡು ನಿಂತ್ಲಾ? ಇಂಥ ಸೊಸೆ ತಪ್ಪಿದ್ದು ಆ ಮನೆಯವರ ಪುಣ್ಯ ಕಣೇ!"

ಶಿಡ್ಲಘಟ್ಟದ ಆಪಾ

ನಮ್ಮಕ್ಕನನ್ನು ಶಿಡ್ಲಘಟ್ಟಕ್ಕೆ ಕೊಟ್ಟಿದ್ದರು. ಅವಳ ಪಕ್ಕದ ಮನೆಯಲ್ಲಿ ರೇಷ್ಮೆ ಗೂಡಿನ ವ್ಯಾಪಾರದ ಸಾಹೇಬರು. ಅವರ ಹೆಂಡತಿಯನ್ನು ಬೀದಿಯ ಹೆಂಗಸರೆಲ್ಲ ಆಪಾ ಎಂದೇ ಕರೆಯುತ್ತಿದ್ದರು. ಆಪಾಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಹಾಗಾಗಿ ಮಧ್ಯಾಹ್ನ ಹಿತ್ತಲ ಬಾಗಿಲಿನಿಂದ ಬಂದು ಕೂತರೆ ಅಕ್ಕ ನನ್ನ ಕಾದಂಬರಿ ಓದಿ ಹೇಳುವಳು. ಬೇಸಿಗೆ ರಜೆಗೆ ನಾನು ಹೋದಾಗ ಕಥೆ ಕೊನೆಯ ಘಟ್ಟಕ್ಕೆ ಬಂದಿತ್ತು.

ಆಪಾ ಅಳುವುದನ್ನು ನೋಡಿದರೆ ಯಾವ ಕಾದಂಬರಿಕಾರ್ತಿಗಾದರೂ ಹೊಟ್ಟೆ ತುಂಬಬೇಕು. ದುಪ್ಪಟ್ಟದ ಒಂದು ತುದಿ ಒದ್ದೆಯಾಗಿ ಇನ್ನೊಂದು ತುದಿ ಹಿಡಿದಿದ್ದರು. "ಆ ಹುಡುಗೀದು ನಸೀಬು ನೋಡಮ್ಮ, ಪಾಪ," ಎಂದು ನನ್ನ ಕೈ ಹಿಡಿದುಕೊಂಡರು. ಅಷ್ಟರಲ್ಲಿ ಅಜ್ಜಿ ಗುಟ್ಟು ಒಡೆದಳು. ನಳಿನಿ ಪ್ರಭಾಕರನಿಗೆ ತಂಗಿ!

"ತಂಗಿ ಅಂದ್ರೆ? ಒಂದೇ ತಾಯಿ ಮಕ್ಕಳಾ?" ಆಪಾ ಗಾಬರಿಯಿಂದ ಕೇಳಿದರು.

"ಅಲ್ಲ ಆಪಾ, ದೊಡ್ಡಪ್ಪನ ಮಗಳು," ಅಂದಳು ಅಕ್ಕ.

ಆಪಾರ ಅಳು ಟಕ್ಕನೆ ನಿಂತಿತು. "ಅಷ್ಟೇನಾ? ಮತ್ತೆ ಹೆಣ್ಣು ಹುಡುಕೋ ಕಷ್ಟಾನೇ ತಪ್ತಲ್ಲಮ್ಮ! ನಮ್ಮ ಮನೆಯವರೂ ನಂದು ಚಾಚಾ ಮಗನೇ, ಚಿಕ್ಕಪ್ಪನ ಮಗ!"

ನಮ್ಮಲ್ಲಿ ಸೋದರಮಾವನ ಮಗಳಾದರೆ ಆಗುತ್ತದೆ, ದೊಡ್ಡಪ್ಪನ ಮಗಳಾದರೆ ಕೂಡದು ಎಂದು ಅಕ್ಕ ವಿವರಿಸಿದಳು. ಆಪಾ ಬೆರಳು ಮಡಚಿ ಮಡಚಿ ಸಂಬಂಧ ಲೆಕ್ಕ ಹಾಕಿ ನೋಡಿದರು, ಬಗೆಹರಿಯಲಿಲ್ಲ. ಕೊನೆಗೆ ಒದ್ದೆ ದುಪ್ಪಟ್ಟ ಹಿಂಡುತ್ತಾ ನನ್ನ ಕಡೆ ತಿರುಗಿ, "ನೋಡಮ್ಮಾ, ನಾನೂ ಬೇಕಾದಷ್ಟು ಅತ್ತಿದ್ದೀನಿ. ಆದ್ರೆ ಮದುವೆ ಆದ್ಮೇಲೆ ಅತ್ತಿದ್ದು. ಆಗೋಕೆ ಮುಂಚೇನೇ ಅಳೋದು ಯಾವ ನ್ಯಾಯ?" ಅಂದರು.

ಕೊನೆಯ ಪುಟ ಇಲ್ಲದ ಪುಸ್ತಕ

ಪರೀಕ್ಷೆ ಕೆಲಸಕ್ಕೆಂದು ಗೌರಿಬಿದನೂರಿಗೆ ಹೋಗಿದ್ದೆ. ಮುಗಿಸಿಕೊಂಡು ಬೆಂಗಳೂರಿನ ರೈಲು ಹತ್ತಿದರೆ ಎದುರು ಸೀಟಿನಲ್ಲಿ ತುಂಬು ಬಸುರಿಯೊಬ್ಬಳು ನನ್ನ ಕಾದಂಬರಿ ಓದುತ್ತಾ ಕೂತಿದ್ದಾಳೆ! ನಾನು ಸೆರಗು ಸರಿಮಾಡಿಕೊಂಡು, ಕಿಟಕಿಯ ಆಚೆ ನೋಡುವವಳ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದೆ. ಓದುತ್ತಾ ಓದುತ್ತಾ ಅವಳು ಪುಸ್ತಕ ತಿರುವಿ ಮುರುವಿ ನೋಡಿದಳು. ಕೊನೆಯ ಹಾಳೆಗಳು ಇರಲಿಲ್ಲ.

"ನಮ್ಮತ್ತೆ ಕೆಲಸ ಕಣ್ರೀ," ಎಂದು ನನಗೇ ಹೇಳಿದಳು. "ಬಸುರಿ ಹೆಂಗಸು, ದುಃಖದ್ದು ಓದ್ಬಾರ್ದು ಅಂತ ಹರಿದು ಒಲೆಗೆ ಹಾಕಿರ್ತಾರೆ. ನಿಮಗೇನಾದ್ರೂ ಗೊತ್ತಾ, ಕೊನೇಗೆ ಏನಾಯ್ತು?"

ಗೊತ್ತಿಲ್ಲದೆ ಏನು! ಅಜ್ಜಿ, ಮಚ್ಚೆ, ದೊಡ್ಡಪ್ಪ ಎಲ್ಲವನ್ನೂ ರಸವತ್ತಾಗಿ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು.

"ಇಲ್ಲಾರೀ, ಹಂಗಾಗಿರಲ್ಲ. ಆ ಅಜ್ಜಿ ಆಸ್ತಿ ಆಸೆಗೆ ಸುಳ್ಳು ಹೇಳಿರ್ತಾಳೆ. ಆಮೇಲೆ ಸುಳ್ಳು ಬಯಲಾಗಿ ಇಬ್ಬರಿಗೂ ಮದುವೆ ಆಗಿರುತ್ತೆ. ನೀವು ಸರಿಯಾಗಿ ಓದಿಲ್ಲ."

ಇನ್ನು ತಡೆಯಲಾರದೆ, "ನಾನು ಓದಿಲ್ಲಮ್ಮ, ಬರೆದಿದ್ದೀನಿ. ಆ ಪುಸ್ತಕ ನಂದೇ," ಅಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನನ್ನ ಸೀರೆ, ಬುತ್ತಿ ಗಂಟು, ಪಕ್ಕದ ಮುದುಕಪ್ಪನ ಕಡಲೆಕಾಯಿ ಮೂಟೆ ನನ್ನ ಭುಜಕ್ಕೆ ಒರಗಿದ್ದು, ಎಲ್ಲ ನೋಡಿ ನಕ್ಕಳು.

"ಹೋಗ್ರೀ! ಇಂಥ ಪುಸ್ತಕ ಬರೆದೋರು ಮೂರನೇ ಕ್ಲಾಸಲ್ಲಿ ಕೂತ್ಕೊಂಡು ಹೋಗ್ತಾರಾ?"

ವಕೀಲರ ಪಾಟೀಸವಾಲು

ಚಿಕ್ಕಬಳ್ಳಾಪುರದ ಕೆಲವು ಗೆಳೆಯರು ಸೇರಿ ನನಗೆ ಒಂದು ಸನ್ಮಾನ ಇಟ್ಟುಕೊಂಡರು. ಅಧ್ಯಕ್ಷರು ಊರಿನ ಹಿರಿಯ ವಕೀಲರು. ಕೋರ್ಟು ಕಾಗದಕ್ಕೆ ಗುರುತು ಇಟ್ಟ ಹಾಗೆ ನನ್ನ ಪುಸ್ತಕದ ತುಂಬ ಚೀಟಿ ಸಿಕ್ಕಿಸಿಕೊಂಡು ಬಂದಿದ್ದರು. ಭಾಷಣಕ್ಕೆ ನಿಂತವರು ಜನರ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದರು.

"ಲೇಖಕಿಯವರೇ, ಇಡೀ ಕಥೆ ನಿಂತಿರೋದು ಅಜ್ಜಿ ಸಾಕ್ಷಿ ಮೇಲೆ. ಹೌದೋ ಅಲ್ಲವೋ?"

"ಹೌದು ಸ್ವಾಮಿ."

"ಒಂಬತ್ತನೇ ಅಧ್ಯಾಯದಲ್ಲಿ ಅಜ್ಜಿಗೆ ಎರಡು ಕಣ್ಣಿಗೂ ಪೊರೆ ಬಂದು, ಎದುರಿಗಿರೋ ಮೊಮ್ಮಗನೇ ಕಾಣಲ್ಲ ಅಂತ ಬರೆದಿದ್ದೀರಿ. ಹೌದೋ ಅಲ್ಲವೋ?"

"ಹೌದು."

"ಅಂಥಾ ಅಜ್ಜಿಗೆ ಇಪ್ಪತ್ತನೇ ಅಧ್ಯಾಯದಲ್ಲಿ ಹುಡುಗಿ ಕತ್ತಿನ ಸಾಸಿವೆ ಕಾಳಿನಷ್ಟು ಮಚ್ಚೆ ಹೇಗೆ ಕಾಣ್ತು?"

ಸಭೆ ಗೊಳ್ಳೆಂದಿತು. ಹೊರಗೆ ನಿಂತವರೂ ಒಳಗೆ ಬಂದರು. ಹಾರ ಹಾಕಿಸಿಕೊಳ್ಳಲು ಬಂದವಳು ನಾನು, ಕಟಕಟೆಯಲ್ಲಿ ನಿಂತಿದ್ದೇನೆ. ಆದರೆ ನನ್ನ ಅಜ್ಜಿಯನ್ನು ನಾನು ಬಿಟ್ಟುಕೊಡುವವಳಲ್ಲ.

"ಸ್ವಾಮಿ, ಹದಿನಾಲ್ಕನೇ ಅಧ್ಯಾಯದಲ್ಲಿ ಅಜ್ಜಿಗೆ ಕಣ್ಣಿನ ಆಪರೇಷನ್ ಆಯ್ತಲ್ಲ. ಅಧ್ಯಾಯ ಪೂರ್ತಿ ಆಸ್ಪತ್ರೆದೇ. ತಾವು ಅದನ್ನ ಓದಿದ ಹಾಗಿಲ್ಲ," ಅಂದೆ.

ವಕೀಲರು ಹಾಳೆ ಮಗುಚಿದರು. ಹದಿನಾಲ್ಕನೇ ಅಧ್ಯಾಯದಲ್ಲಿ ಒಂದು ಚೀಟಿಯೂ ಇರಲಿಲ್ಲ. ಅವರು ಕೆಮ್ಮಿ ನೀರು ಕುಡಿಯುತ್ತಿರುವಾಗ ಹಿಂದಿನ ಸಾಲಿನಿಂದ ಒಬ್ಬ ಕಕ್ಷಿದಾರ ಎದ್ದು ನಿಂತ. ಹೆದರಿದ ದನಿಯಲ್ಲಿ ಕೇಳಿದ:

"ಬುದ್ದೀ, ನನ್ನ ಕೇಸಿನ ಕಾಗದಾನೂ ಹಿಂಗೇ ಬಿಟ್ಟು ಬಿಟ್ಟು ಓದಿದ್ದೀರಾ?"

ಕೆಂಚಾರ್ಲಹಳ್ಳಿಯ ಯಜಮಾನರು

ಒಂದು ಭಾನುವಾರ ನಮ್ಮ ಮನೆ ಮುಂದೆ ಕಮಾನು ಗಾಡಿ ಬಂದು ನಿಂತಿತು. ಇಳಿದವರು ಕೆಂಚಾರ್ಲಹಳ್ಳಿಯ ದೊಡ್ಡ ಜಮೀನುದಾರರು, ತಾಲ್ಲೂಕಿನಲ್ಲಿ ಮಾತು ನಡೆಯುವಂಥವರು. ಅವರ ಮಗಳು ನಮ್ಮ ಶಾಲೆಯಲ್ಲಿ ಓದುತ್ತಿದ್ದಳು. ಜೊತೆಗೆ ಅವರ ಹೆಂಡತಿ. ಆಕೆ ನಗುನಗುತ್ತಾ, "ಪುಸ್ತಕ ಬರೆದೋರ್ನ ನೋಡ್ಬೇಕು ಅಂತ ಹಟ ಮಾಡಿ ಬಂದೆ. ಮಗಳು ಓದಿ ಹೇಳ್ತಾಳೆ, ಕೇಳ್ತಾ ಕೇಳ್ತಾ ಮುದ್ದೆ ತಣ್ಣಗಾಗೋಯ್ತದೆ," ಎಂದು ಅತ್ತೆಯ ಜೊತೆ ಒಳಗೆ ಹೋದರು. ಯಜಮಾನರು ಮಾತ್ರ ನಗಲಿಲ್ಲ. ಜಗಲಿಯ ಮೇಲೆ ಕೂತು, ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು:

"ನಮ್ಮನೆ ವಿಷ್ಯ ನಿಮಗೆ ಯಾರಮ್ಮ ಹೇಳಿದ್ದು?"

"ಯಾವ ವಿಷಯ ಯಜಮಾನರೇ? ಅದು ಕಟ್ಟುಕಥೆ."

"ಟೀಚರಮ್ಮಾ, ನನ್ನ ಹತ್ರ ಆಟ ಬೇಡಿ. ಹೇಳಿದೋರು ಯಾರು ಅಂತ ಹೇಳ್ಳಿಲ್ಲ ಅಂದ್ರೆ ಬಾಗೇಪಲ್ಲಿ ಆಚೆ ಯಾವುದಾದ್ರೂ ಬಸ್ಸಿಲ್ಲದ ಹಳ್ಳಿಗೆ ವರ್ಗ ಮಾಡಿಸ್ತೀನಿ."

ಅವರು ಮಾಡಿಸಬಲ್ಲವರೇ. ಆದರೆ ನನ್ನ ತಲೆಯಲ್ಲಿ ಹುಟ್ಟಿದ ಕಥೆಗೆ ಇನ್ನೊಬ್ಬರ ಹೆಸರು ಹೇಳುವುದು ಹೇಗೆ? "ಮಾಡಿಸಿ. ಕೇಳಿ ಬರೆದಿದ್ದಲ್ಲ, ನಾನೇ ಕಟ್ಟಿದ್ದು," ಎಂದು ಖಡಾಖಂಡಿತವಾಗಿ ಹೇಳಿದೆ.

ಯಜಮಾನರಿಗೆ ರೇಗಿಹೋಯಿತು. ದನಿ ಏರಿತು. "ಅಣ್ಣನಾದೋನು ನಾಟಕದ ಕಂಪನಿ ಹಿಂದೆ ಓಡಿಹೋಗಿದ್ದು ಕಟ್ಟುಕಥೇನಾ? ನಮ್ಮಣ್ಣ ಕಾಶಿಗೆ ಹೋದೋನು ಅಲ್ಲೇ ತೀರ್ಕೊಂಡ ಅಂತ ನಮ್ಮಪ್ಪ ಊರಿಗೆಲ್ಲ ಹೇಳಿದ್ರು. ಅವನು ಅನಂತಪುರದಲ್ಲಿ ಹೆಣ್ಣು ವೇಷ ಹಾಕ್ಕೊಂಡು ಗುಂಡುಕಲ್ಲಂಗೆ ಇದ್ದಾನೆ ಅಂತ ನನಗೂ ನಮ್ಮಪ್ಪಂಗೂ ಬಿಟ್ರೆ ಇನ್ನೊಂದು ನರಪಿಳ್ಳೆಗೆ ಗೊತ್ತಿಲ್ಲ! ಅಪ್ಪ ಹೋಗಿ ಯಾವ ಕಾಲ ಆಯ್ತು. ನಿಮಗೆ ಹೆಂಗಮ್ಮ ಗೊತ್ತಾಯ್ತು?"

"ಈಗ ನೀವು ಹೇಳಿದ್ರಿಂದ ಗೊತ್ತಾಯ್ತು," ಅಂದೆ.

ನಡುಮನೆಯ ಬಾಗಿಲಲ್ಲಿ ಬಳೆ ಸದ್ದಾಯಿತು. ಅವರ ಹೆಂಡತಿ, ಕೈಯಲ್ಲಿ ಅತ್ತೆ ಕೊಟ್ಟ ಅರಿಶಿನ ಕುಂಕುಮದ ತಟ್ಟೆ.

"ಏನಂದ್ರಿ? ಭಾವನೋರು ಬದುಕಿದ್ದಾರಾ?"

"ಮೆಲ್ಲಗೆ ಮಾತಾಡೇ."

"ಏನು ಮೆಲ್ಲಗೆ? ಲಗ್ನ ಆಗಿ ಬಂದಾಗಿನಿಂದ ಪಿತೃಪಕ್ಷ ಬಂದ್ರೆ ಅವರಿಗೆ ಎಡೆ ಇಡ್ತಾ ಇದ್ದೀನಿ! ಹೊಸ ಪಂಚೆ, ಕೋಳಿ ಸಾರು, ವಡೆ! ಬದುಕಿರೋ ಮನುಷ್ಯಂಗೆ! ಅಯ್ಯೋ ದೇವುಡಾ, ಆ ಕೋಳಿಗಳ ಗತಿ?"

"ನಾವೇ ತಿಂದ್ವಲ್ಲೇ. ನಷ್ಟ ಏನಾಯ್ತು?"

"ಪಂಚೆಗಳು?"

ಯಜಮಾನರು ತಾವು ಉಟ್ಟಿದ್ದ ಪಂಚೆಯ ಅಂಚನ್ನು ಮೆಲ್ಲನೆ ಮಂಡಿಯ ಕೆಳಗೆ ಸೇರಿಸಿದರು.

ಒಳಗೆ ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗುವುದು ನನಗೆ ಕಾಣಿಸುತ್ತಿತ್ತು. ಆದರೆ ಯಜಮಾನರ ಮುಖ ನೋಡಿ ನನಗೆ ನಗು ಬರಲಿಲ್ಲ. ಅಷ್ಟು ದೊಡ್ಡ ಮನುಷ್ಯ ಕಣ್ಣು ಒರೆಸಿಕೊಳ್ಳುತ್ತಿದ್ದರು. "ಅಪ್ಪ ಇರೋವರೆಗೂ ಅವನ ಹೆಸರು ಎತ್ತಂಗಿರಲಿಲ್ಲ ಕಣೇ. ಅಪ್ಪ ಹೋದ್ಮೇಲೆ, ಸತ್ತೋನ್ನ ಬದುಕಿಸೋದು ಹೆಂಗೆ ಅಂತ ತಿಳೀಲಿಲ್ಲ," ಅಂದರು.

ಹೆಂಡತಿ ತಟ್ಟೆ ಕೆಳಗಿಟ್ಟು ಗಾಡಿಯ ಕಡೆ ನಡೆದರು. "ಬದುಕಿಸೋದೇನು, ಹೋಗಿ ಕರ್ಕೊಂಡು ಬನ್ನಿ. ಈ ಸಲ ಎಡೆ ಅವರೇ ಬಂದು ತಿನ್ಲಿ. ಟೀಚರಮ್ಮನ ವರ್ಗ ಅಂತ ಇನ್ನೊಂದು ಸಲ ಬಾಯಿ ಬಿಟ್ರೆ ನಾನೂ ಅವರ ಜೊತೆ ಬಾಗೇಪಲ್ಲಿಗೆ ಹೋಗಿಬಿಡ್ತೀನಿ, ನೋಡ್ಕೊಳ್ಳಿ."

ನನಗೆ ವರ್ಗವಾಗಲಿಲ್ಲ. ಆ ವರ್ಷ ಹಬ್ಬವೆಲ್ಲ ಕಳೆದ ಮೇಲೆ ಒಂದು ಸಂಜೆ ಎತ್ತರದ ಮನುಷ್ಯರೊಬ್ಬರು ನಮ್ಮ ಬಾಗಿಲಿಗೆ ಬಂದರು. ಭುಜ ಮುಟ್ಟುವ ನರೆಗೂದಲು, ರಂಗದ ಮೇಲೆ ನಿಂತವರ ದನಿ, ಅರ್ಧ ಕನ್ನಡ ಅರ್ಧ ತೆಲುಗು. ಹಿಂದೆ ಕೆಂಚಾರ್ಲಹಳ್ಳಿಯ ಯಜಮಾನರು ತಲೆ ತಗ್ಗಿಸಿಕೊಂಡು ನಿಂತಿದ್ದರು. ಇವರು ಯಾರೆಂದು ಹೇಳುವುದೇ ಬೇಕಾಗಲಿಲ್ಲ.

"ನಮಸ್ಕಾರಮಮ್ಮಾ! ತಮ್ಮನ ಮಗಳು ಪುಸ್ತಕ ಪೂರ್ತಿ ಓದಿ ಹೇಳಿದ್ಳು. ಚೆನ್ನಾಗಿ ಬರೆದಿದ್ದೀರಿ, ಚಾಲ ಬಾಗುಂದಿ," ಅಂದರು. ನಾನು ವಿನಯದಿಂದ ಕೈ ಮುಗಿದೆ. ಇಷ್ಟು ಜನರಲ್ಲಿ ಕೊನೆಗೂ ಒಬ್ಬ ರಸಿಕ ಸಿಕ್ಕನಲ್ಲ ಎಂದು ಮನಸ್ಸು ಉಬ್ಬಿತು.

"ಆದ್ರೆ ಒಂದು ಮಾತು ತಾಯೀ," ಎಂದು ಅವರು ನಾಟಕದಲ್ಲಿ ನಿಲ್ಲಿಸುವ ಹಾಗೆ ಒಂದು ಕ್ಷಣ ನಿಲ್ಲಿಸಿದರು. "ನನ್ನನ್ನ ಎರಡು ಸಲ ಸಾಯಿಸಿದ್ದಾರೆ. ಕಾಶೀಲಿ ನಮ್ಮವರು, ಪುಸ್ತಕದಲ್ಲಿ ನೀವು. ನಮ್ಮವರು ಸಾಯಿಸಿದ್ರೂ ವರ್ಷಾ ವರ್ಷ ಕೋಳಿ ಇಟ್ರು, ಪಂಚೆ ಇಟ್ರು. ನೀವೇನಿಟ್ರಿ?"