ಟೈಗರಿನ ಪಾಲಿನ ಕುಂಬಳ ಬಿಸ್ಕತ್ತು

ಬಂಧುಗಳೇ, ತಾಯಂದಿರೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು ಇತ್ತ ಕಿವಿಗೊಡಿ. ನಾನೀಗ ಹೇಳಹೊರಟಿರುವುದು ಒಬ್ಬ ಸಜ್ಜನರು, ಒಂದು ನಾಯಿ ಮತ್ತು ನಾಲ್ಕು ಕುಂಬಳಕಾಯಿಗಳ ವೃತ್ತಾಂತ. ನಡುವೆ ನಗು ಬಂದರೆ ತಡೆಯಬೇಡಿ. ನಗುವುದಕ್ಕೆ ಮಡಿಯುಡಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ದಾವಣಗೆರೆಯ ಹಳೇಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ವಾಮದೇವಪ್ಪನವರು ಪ್ರತಿ ಸೋಮವಾರ ಸಂಜೆ ಮಠದ ಹಜಾರದಲ್ಲಿ ಪ್ರವಚನ ಮಾಡುತ್ತಿದ್ದರು. ಐವತ್ತೇಳನೆಯ ಇಸವಿಯ ಶ್ರಾವಣದ ಮೊದಲ ಸೋಮವಾರ ಅವರು ಎತ್ತಿಕೊಂಡ ವಿಷಯ ನಾಲಗೆಯ ಚಾಪಲ್ಯ. ಮಾತು ಏರಿತು, ಕೈ ಏರಿತು, ಸಭೆಯ ಕಣ್ಣುಗಳೆಲ್ಲ ಅರಳಿದವು. ಆ ಭರದಲ್ಲಿ ಅವರ ಬಾಯಿಂದ ಒಂದು ಪ್ರತಿಜ್ಞೆಯೇ ಹೊರಟುಬಿಟ್ಟಿತು: “ದೀಪಾವಳಿಯವರೆಗೆ ಹೋಳಿಗೆ, ಸಜ್ಜಕ, ಲಾಡು, ಪಾಯಸ, ಮಂಡಿಗೆ, ಇವುಗಳಲ್ಲಿ ಒಂದನ್ನೂ ನಾನು ಮುಟ್ಟುವುದಿಲ್ಲ!” ಸಭೆ ತಲೆದೂಗಿತು. (ಹೆಂಗಸರ ಸಾಲಿನಲ್ಲಿ ಕುಳಿತಿದ್ದ ಅವರ ಧರ್ಮಪತ್ನಿ ಸರ್ವಮಂಗಳಮ್ಮನವರು ಹಣೆಗೆ ಕೈ ಹೊತ್ತದ್ದು ವೇದಿಕೆಯಿಂದ ಕಾಣಿಸಲಿಲ್ಲ.)

ಹಣೆಗೆ ಕೈ ಹೊರಲು ಕಾರಣವಿತ್ತು. ಊಟದ ಕೊನೆಗೆ ಒಂದು ಚೂರು ಬೆಲ್ಲವಾದರೂ ಬೀಳದಿದ್ದರೆ ಆ ಮಹನೀಯರಿಗೆ ನಿದ್ದೆಯೂ ಇಲ್ಲ, ಶಾಂತಿಯೂ ಇಲ್ಲ. ಎರಡೇ ವಾರಗಳಲ್ಲಿ ಅವರ ಕೆನ್ನೆ ಒಳಗೆ ಹೋಯಿತು, ಕೋಪ ಹೊರಗೆ ಬಂತು. ಗಿರಾಕಿಗಳ ಮುಂದೆ ಸೀರೆ ಬಿಚ್ಚುವುದನ್ನು ಬಿಟ್ಟು ಗಿರಾಕಿಗಳ ಮೇಲೆಯೇ ಬೀಳತೊಡಗಿದರು. ಆದರೆ ನಾನೂರು ಜನರ ಮುಂದೆ ಆಡಿದ ಮಾತನ್ನು ನುಂಗುವುದು ಹೋಳಿಗೆಯನ್ನು ನುಂಗಿದಷ್ಟು ಸುಲಭವೇ?

ಹೀಗಿರುವಾಗ ದಂಪತಿಗಳು ಹರಿಹರಕ್ಕೆ ಹೋದರು. ಅಲ್ಲಿಗೆ ಕೊಟ್ಟಿದ್ದ ಒಬ್ಬಳೇ ಮಗಳು ಕಸ್ತೂರಿಗೆ ಆರು ತಿಂಗಳು ತುಂಬಿತ್ತು. ಚೊಚ್ಚಲ ಬಾಣಂತನ ತವರಿನಲ್ಲಾಗಬೇಕೆಂಬುದು ಸರ್ವಮಂಗಳಮ್ಮನವರ ಜೀವದಾಸೆ. ತೊಟ್ಟಿಲಿಗೆ ಆಗಲೇ ಬಣ್ಣ ಹೊಡೆಸಿಟ್ಟಿದ್ದರು. ಬೀಗರಾದ ಬಕ್ಕೇಶಪ್ಪನವರು ಹತ್ತಿ ಮಂಡಿಯ ಯಜಮಾನರು. ಕಣ್ಣಿನಲ್ಲಿ ಕಂಡದ್ದನ್ನು ನಂಬದೆ ತಕ್ಕಡಿಯಲ್ಲಿ ಕಂಡದ್ದನ್ನು ಮಾತ್ರ ನಂಬುವ ಜನ.

“ಸೊಸೆನ ಕಳಿಸಾಕೆ ನಂದೇನು ತಕರಾರಿಲ್ಲ, ಬೀಗ್ರೇ,” ಎಂದರು ಬಕ್ಕೇಶಪ್ಪ. “ಆದ್ರೆ ನಾಳೆ ನಾನು ಕಾಶಿಗೆ ಹೊಂಟೀನಿ. ಬರೋದು ಒಂದು ತಿಂಗಳು ಆಗ್ತೈತೆ. ನಮ್ಮ ಟೈಗರ್‌ನ ನೋಡ್ಕೊಳ್ಳೋರಿಲ್ಲ. ಕಸ್ತೂರಿಗೆ ನಾಯಿ ವಾಸನೆ ಬಂದ್ರೆ ಹೊಟ್ಟೆ ತೊಳಸ್ತೈತೆ. ಇದನ್ನ ನೀವು ಕರ್ಕೊಂಡು ಹೋಗ್ರಿ. ನನ್ನ ನಾಯಿನ ಹೆಂಗೆ ನೋಡ್ಕೊಂತೀರಿ ಅಂತ ನೋಡಿ, ಆಮ್ಯಾಲೆ ಬಾಣಂತನದ ಮಾತು ಆಡಾಣ.”

ಇದು ಬೀಗತನದ ಕುಚೋದ್ಯವಿದ್ದೀತು. ಆದರೆ ಹೆಣ್ಣು ಕೊಟ್ಟವರ ಕಿವಿಗೆ ಗಂಡಿನ ಕಡೆಯವರ ಕುಚೋದ್ಯ ಕೋರ್ಟಿನ ತೀರ್ಪಿನಂತೆ ಕೇಳಿಸುತ್ತದೆ. ಸರ್ವಮಂಗಳಮ್ಮನವರ ಕಣ್ಣು ತುಂಬಿತು. ವಾಮದೇವಪ್ಪನವರು ತಕ್ಷಣ ನಾಯಿಯ ತಲೆ ಸವರಿ, “ಇದು ನಮ್ಮ ಮೊಮ್ಮಗು ಇದ್ದಂಗೆ,” ಎಂದುಬಿಟ್ಟರು.

“ಹಂಗಾರೆ ತೂಕ ಮಾಡಿ ಕೊಡ್ತೀನಿ,” ಎಂದರು ಬಕ್ಕೇಶಪ್ಪ.

ತಕ್ಕಡಿಯ ಮೇಲೆ ನಾಯಿ ಒಂದು ಕ್ಷಣವೂ ನಿಲ್ಲಲಿಲ್ಲ. ಕೊನೆಗೆ ವಾಮದೇವಪ್ಪನವರೇ ಅದನ್ನು ಎತ್ತಿಕೊಂಡು ಹತ್ತಿಯ ಮೂಟೆ ತೂಗುವ ಹಲಗೆಯ ಮೇಲೆ ನಿಲ್ಲಬೇಕಾಯಿತು. ಮಠದಲ್ಲಿ ಆತ್ಮದ ಭಾರವನ್ನು ಕುರಿತು ಮಾತಾಡುವ ಪುರುಷರು ಹಮಾಲರ ಮುಂದೆ ನಾಯಿಯ ಸಮೇತ ತೂಗಿಸಿಕೊಂಡರು: ನೂರ ಎಪ್ಪತ್ತೆಂಟು ರಾತಲು. ನಾಯಿಯನ್ನಿಳಿಸಿ ಅವರೊಬ್ಬರೇ ನಿಂತಾಗ ನೂರ ಮೂವತ್ತೆರಡು. ಕಳೆದರೆ ನಾಯಿ ನಲವತ್ತಾರು. ಬಕ್ಕೇಶಪ್ಪನವರು ಮೂರನ್ನೂ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದಿಟ್ಟರು.

“ಇದು ಸಾಹೇಬ್ರ ಬಂಗ್ಲೆಯಾಗೆ ಬೆಳೆದದ್ದು, ರೊಟ್ಟಿ ಮೂಸಾಂಗಿಲ್ಲ,” ಎಂದು ಹೊರಡುವಾಗ ಎಚ್ಚರಿಸಿದರು. “ಬಿಸ್ಕತ್ತು ಬೇಕು. ಅಂಗಡಿ ಬಿಸ್ಕತ್ತು ಕೊಟ್ರೆ ಹೊಟ್ಟೆ ಕೆಡ್ತೈತೆ. ದನದ ಡಾಕ್ಟ್ರು ಕುಂಬಳಕಾಯಿ ಕೊಡು ಅಂತಾರೆ. ಅದು ಕಂಡ್ರೆ ಮಕ ತಿರುವ್ತೈತೆ.”

ಜಟಕಾ ಗಾಡಿ ದಾವಣಗೆರೆ ಮುಟ್ಟುವಷ್ಟರಲ್ಲಿ ಸರ್ವಮಂಗಳಮ್ಮನವರಿಗೆ ಉಪಾಯ ಹೊಳೆದಿತ್ತು.

“ಏನ್ರೀ, ಕುಂಬಳಕಾಯಿನ ಬಿಸ್ಕತ್ತಿನೊಳಗೇ ಬಚ್ಚಿಟ್ರೆ ಹೆಂಗೆ?”

“ನಾಯಿಗೆ ಬಿಸ್ಕತ್ತು ಸುಡಾಕೆ ನಿನಗೇನು ತಲೆ ಕೆಟ್ಟೈತೇನೇ? ಲೋಕದಾಗೆ ಯಾರಾದ್ರೂ ಮಾಡ್ಯಾರೇನು?”

“ಲೋಕದಾಗೆ ಯಾರಾದ್ರೂ ನಾಯಿ ಎತ್ಕೊಂಡು ತಕ್ಕಡಿ ಹತ್ಯಾರೇನು? ಸುಮ್ನೆ ಈಳಿಗೆ ಮಣೆ ಮುಂದೆ ಕೂಡ್ರಿ.”

ಕೂಡಲೇಬೇಕಿತ್ತು. ನಮ್ಮ ಕಡೆ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕುವುದಿಲ್ಲ. ಮನೆಯ ಗಂಡಸು ಒಡೆದುಕೊಟ್ಟ ಮೇಲೆಯೇ ಅವರು ಹೋಳು ಮಾಡುವುದು. ಶಾಮನೂರಿನ ತೋಟದಿಂದ ಬಂದು ಅಟ್ಟದ ಮೇಲೆ ಕುಳಿತಿದ್ದ ನಾಲ್ಕು ಕಾಯಿಗಳಲ್ಲಿ ಒಂದನ್ನಿಳಿಸಿ, ವಾಮದೇವಪ್ಪನವರು ಗೊಣಗುತ್ತ ಸೀಳಿಕೊಟ್ಟರು. ಸರ್ವಮಂಗಳಮ್ಮನವರು ಅದನ್ನು ಹಬೆಯಲ್ಲಿ ಬೇಯಿಸಿ, ಕಿವುಚಿ, ಗೋಧಿಹಿಟ್ಟು, ತುಸು ತುಪ್ಪ, ಚೂರು ಬೆಲ್ಲ ಹಾಕಿ ಕಲಸಿ, ಲಟ್ಟಿಸಿ, ಲೋಟದ ಬಾಯಿಂದ ಒತ್ತಿ ತಗಡಿನ ತಟ್ಟೆಯಲ್ಲಿ ಜೋಡಿಸಿದರು.

ಬಿಸ್ಕತ್ತು ಸುಡುವ ಒಲೆ ಆ ಕಾಲದಲ್ಲಿ ಮನೆಗಳಲ್ಲಿ ಎಲ್ಲಿತ್ತು? ಹಬ್ಬಕ್ಕೋ ನಾಮಕರಣಕ್ಕೋ ಬೇಕಾದವರು ಮನೆಯಲ್ಲೇ ಹಿಟ್ಟು ಕಲಸಿ, ತಟ್ಟೆಯನ್ನು ಕರೀಂ ಸಾಬರ ಬೇಕರಿಗೆ ಕಳುಹಿಸುತ್ತಿದ್ದರು. ಅವರ ಬ್ರೆಡ್ಡು ಬೆಂದ ಮೇಲೆ ಉಳಿದ ಭಟ್ಟಿಯ ಕಾವಿನಲ್ಲಿ ಅದು ಬೇಯುತ್ತಿತ್ತು. ಮನೆಗೆಲಸದ ನಾಗಕ್ಕ ತಟ್ಟೆಯನ್ನು ತಲೆಯ ಮೇಲಿಟ್ಟು ಹೊರಟಳು. ಟೈಗರ್ ಬಾಲವಾಡಿಸುತ್ತ ಅವಳ ಹಿಂದೆ ನಡೆಯಿತು.

ನಾಯಿಗೆ ಉಣಿಸುವ ಭಾರ ಮಾತ್ರ ವಾಮದೇವಪ್ಪನವರದು. ಮಧ್ಯಾಹ್ನ, ಮನೆಯಾಕೆ ಅಡ್ಡಾದ ಹೊತ್ತಿನಲ್ಲಿ, ಜಗಲಿಯ ಮೇಲೆ ಡಬ್ಬಿ ತೆರೆದು ಅವರು ಗಂಭೀರವಾಗಿ ಕರೆದರು. (ಇಂಗ್ಲಿಷ್ ಹೆಸರು ಅವರ ಬಾಯಿಗೆ ಒಗ್ಗುತ್ತಿರಲಿಲ್ಲ.) “ವ್ಯಾಘ್ರಾ, ಬಾಪ್ಪಾ. ತಗಾ.”

ವ್ಯಾಘ್ರವು ಮೂಸಿತು. ಆಕಳಿಸಿತು. ಕಂಬದ ನೆರಳಿಗೆ ಹೋಗಿ ಮಲಗಿತು.

ಡಬ್ಬಿಯಿಂದ ಬಿಸಿ ಬೆಲ್ಲದ, ಕಂದಿದ ತುಪ್ಪದ ಪರಿಮಳ ಏಳುತ್ತಿತ್ತು. ‘ಇದರಲ್ಲಿ ಏನು ದೋಷವಿದೆಯೋ, ಮೂಕಪ್ರಾಣಿಗೆ ಕೊಡುವ ಮುನ್ನ ಪರೀಕ್ಷಿಸುವುದು ಗೃಹಸ್ಥನ ಧರ್ಮವಲ್ಲವೇ?’ ಎಂದು ವಾಮದೇವಪ್ಪನವರ ಅಂತರಾತ್ಮ ಕೇಳಿತು. ಒಂದನ್ನು ಪರೀಕ್ಷಿಸಿದರು. ದೋಷ ಸಿಗಲಿಲ್ಲ. ಎರಡನೆಯದರಲ್ಲಿ ಹುಡುಕಿದರು. ಬಿಸ್ಕತ್ತು ಎಂಬ ಮಾತು ಪ್ರತಿಜ್ಞೆಯ ಪಟ್ಟಿಯಲ್ಲಿರಲಿಲ್ಲ. ಅದೂ ನಾಯಿಯ ಬಿಸ್ಕತ್ತು! ಐದನೆಯದರ ಹೊತ್ತಿಗೆ ಇನ್ನೊಂದು ಧರ್ಮಸೂಕ್ಷ್ಮ ಹೊಳೆಯಿತು: ನಾಯಿ ತಿನ್ನಲಿಲ್ಲವೆಂದು ಗೊತ್ತಾದರೆ ಆ ಸಾಧ್ವಿಯ ಮನಸ್ಸು ನೋಯುವುದಿಲ್ಲವೇ?

ಸಂಜೆ ಸಾಧ್ವಿ ಕೇಳಿದರು, “ತಿಂತೇನ್ರೀ?”

ಸುಳ್ಳಾಡುವುದು ಪಾಪ. ಆದ್ದರಿಂದ ಅವರು, “ಡಬ್ಬಿಯಾಗೆ ಇವತ್ತಿಂದು ಒಂದೂ ಉಳಿದಿಲ್ಲ,” ಎಂದರು.

ಎರಡನೆಯ ವಾರದ ತಟ್ಟೆಯಲ್ಲಿ ಏಲಕ್ಕಿಯ ಘಮವಿತ್ತು. ‘ನಾಯಿಗೆ ಏಲಕ್ಕಿ! ಎಂಥ ಕರುಣೆ ಇವಳದು,’ ಎಂದು ವಾಮದೇವಪ್ಪನವರು ಕಣ್ಣೊರೆಸಿಕೊಂಡು ತಿಂದರು. ಮೂರನೆಯ ವಾರ ಅಟ್ಟದಿಂದ ಕುಂಬಳಕಾಯಿಯನ್ನು ಅವರೇ ಇಳಿಸಿ, ಹೆಂಡತಿ ಕರೆಯುವ ಮೊದಲೇ ಒಡೆದು, ಮಣೆಯ ಪಕ್ಕ ನಿಂತಿದ್ದರು. “ಇವತ್ತೇನು ಅವಸರ?” ಎಂದು ಆಕೆ ಕೇಳಿದ್ದಕ್ಕೆ, “ಪಾಪ, ನಾಯಿ ಕಾಯ್ತೈತೆ,” ಎಂದರು. ಆ ತಟ್ಟೆಗೆ ಗೋಡಂಬಿ ಬಿತ್ತು. ನಾಲ್ಕನೆಯದಕ್ಕೆ ದ್ರಾಕ್ಷಿ. ಅಂಗಡಿಯಲ್ಲಿ ಗಿರಾಕಿಗಳಿಗೆ ಮತ್ತೆ ನಗುಮೊಗದ ದರ್ಶನವಾಗತೊಡಗಿತು.

ಆದರೆ ಬಕ್ಕೇಶಪ್ಪನವರು ಕಾಶಿಯಿಂದ ಹೊರಟರೆಂಬ ಕಾಗದ ಬಂದ ದಿನ ವಾಮದೇವಪ್ಪನವರು ಬೆರಳು ಮಡಿಚಿ ಎಣಿಸಿದರು. ನಾಲ್ಕು ವಾರ! ತಾವು ಕಂಡಂತೆ ಆ ಜೀವ ಒಂದು ತುಣುಕನ್ನೂ ಮುಟ್ಟಿಲ್ಲ. ಜಗಲಿಗೆ ಓಡಿ ನೋಡಿದರು. ಟೈಗರ್ ಉರುಟುರುಟಾಗಿ ಬಿದ್ದಿತ್ತು. ‘ಅಯ್ಯೋ ಶಿವನೇ, ಹಸಿವಿನಿಂದ ಮೈಯೆಲ್ಲ ಊದಿಕೊಂಡಿದೆ!’ ಎಂದು ಅವರ ಪಾಪಭೀತ ಕಣ್ಣಿಗೆ ಕಂಡಿತು. ನಾಯಿ ಸೊರಗಿತೆಂದು ಗೋಡೆಯ ಸುಣ್ಣ ಸಾಕ್ಷಿ ಹೇಳಿದರೆ ಬೀಗರು ಮಗಳನ್ನು ಕಳುಹಿಸುವುದಿಲ್ಲ. ಬಣ್ಣದ ತೊಟ್ಟಿಲು ಬರಿದಾಗಿ ತೂಗಾಡುತ್ತದೆ. ಅದಕ್ಕೆಲ್ಲ ಕಾರಣ ಈ ಒಂದು ನಾಲಗೆ. ದೇವರ ಮನೆಯಲ್ಲಿ ಅಡ್ಡಬಿದ್ದು ಹರಕೆ ಹೊತ್ತರು: “ಉಕ್ಕಡಗಾತ್ರಿ ಕರಿಬಸವೇಶ್ವರಾ, ಈ ನಾಯಿಯ ತೂಕ ಕಾಯಪ್ಪಾ. ನಡಕೊಂಡೇ ನಿನ್ನ ಸನ್ನಿಧಿಗೆ ಬರ್ತೀನಿ.”

ಹರಿಹರದ ಮಂಡಿಯಲ್ಲಿ ತಕ್ಕಡಿ ಸಿದ್ಧವಾಗಿಯೇ ಇತ್ತು. ಬಾಗಿಲ ಮರೆಯಲ್ಲಿ ತಾಯಿಯ ಪಕ್ಕ ಕಸ್ತೂರಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು. ವಾಮದೇವಪ್ಪನವರು ಪಂಚಾಕ್ಷರಿ ಜಪಿಸುತ್ತ ನಾಯಿಯನ್ನೆತ್ತಿಕೊಂಡು ಹಲಗೆ ಹತ್ತಿ ಕಣ್ಣು ಮುಚ್ಚಿದರು. ಹಮಾಲರು ತೂಕದ ಗುಂಡು ಇಟ್ಟರು. ಸಾಲಲಿಲ್ಲ. ಇನ್ನೊಂದು ಇಟ್ಟರು.

“ನೂರ ಎಂಬತ್ತೇಳು!” ಎಂದರು ಬಕ್ಕೇಶಪ್ಪ.

ಒಂಬತ್ತು ರಾತಲು ಹೆಚ್ಚು! ವಾಮದೇವಪ್ಪನವರ ಕಣ್ಣಿನಿಂದ ಆನಂದಬಾಷ್ಪ ಇಳಿಯಿತು. ಎದೆಯ ಮೇಲಿದ್ದ ಕಲ್ಲು ಸರಿಯಿತು; ಸರಿದ ಜಾಗಕ್ಕೆ ಪ್ರವಚನ ಬಂತು. “ನೋಡಿದ್ರಾ ಬೀಗ್ರೇ, ಭಗವಂತನ ಲೀಲೆ! ಹಸಿದ ಪ್ರಾಣಿಗೆ ಪ್ರೀತಿಯಿಂದ ನೀಡಿದ ಒಂದು ತುತ್ತು ಒಂಬತ್ತಾಗಿ ಫಲಿಸ್ತೈತೆ. ನಾನು ಸಿಹಿ ಬಿಟ್ಟು ನಾಲಗೆನ ಕಟ್ಟಿ, ಈ ಮೂಕಜೀವಕ್ಕೆ ಕುಂಬಳದ ಬಿಸ್ಕತ್ತು…”

“ಮಾತು ಆಮ್ಯಾಲೆ, ಬೀಗ್ರೇ. ಈಗ ನಾಯಿ ಇಳಿಸಿ ನೀವೊಬ್ರೇ ನಿಲ್ರಿ.”

ಕಳೆಯುವ ಲೆಕ್ಕವನ್ನು ಅವರು ಪೂರಾ ಮರೆತಿದ್ದರು. ನಿಂತರು. ತಕ್ಕಡಿಗೆ ಮಠವೂ ಗೊತ್ತಿಲ್ಲ, ಪ್ರವಚನವೂ ಗೊತ್ತಿಲ್ಲ. ನೂರ ಮೂವತ್ತೊಂಬತ್ತು.

ಬಕ್ಕೇಶಪ್ಪನವರು ಸುಣ್ಣದ ಕಡ್ಡಿ ಹಿಡಿದು ಗೋಡೆಯ ಮುಂದೆ ನಿಧಾನವಾಗಿ ಕಳೆದರು. “ನಾಯಿ ನಲವತ್ತೆಂಟು. ಒಳ್ಳೇದಾತು, ಎರಡು ಏರೈತೆ. ಬೀಗ್ರು…” ಎಂದು ತಿರುಗಿದರು. “ಬೀಗ್ರು ಏಳು! ಸಿಹಿ ಬಿಟ್ಟ ಬೀಗ್ರು ಏಳು ರಾತಲು! ಹೇಳ್ರಿ, ಕುಂಬಳಕಾಯಿ ಕಳ್ಳ ಯಾರು?”

ವಾಮದೇವಪ್ಪನವರ ಕೈ ತಾನಾಗಿ ಹೆಗಲ ವಲ್ಲಿಗೆ ಹೋಯಿತು.

“ಹೆಗಲು ಮುಟ್ಕೊಳ್ಳೋದು ಬ್ಯಾಡ ಬಿಡ್ರಿ,” ಎಂದರು ಸರ್ವಮಂಗಳಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡು. “ಆ ವಲ್ಲಿ ಒಗೆಯೋಳು ನಾನು. ದಿನಾ ಅದ್ರಾಗೆ ಬಿಸ್ಕತ್ತಿನ ಪುಡಿ ಇರ್ತಿತ್ತು.”

“ನಿನಗೆ… ಗೊತ್ತಿತ್ತಾ?”

“ಮೊದಲ್ನೇ ವಾರವೇ ಸಂಶಯ ಬಂದಿತ್ತು. ಕರೆಯೋ ಮೊದ್ಲೇ ಕಾಯಿ ಒಡೆದು ನಿಂತ್ರಲ್ಲ, ಅವತ್ತು ಖಾತ್ರಿ ಆತು. ಮೂವತ್ತು ವರ್ಷದಾಗೆ ನಾಲ್ಕು ಸಲ ಕೂಗದೆ ಅಡುಗೆ ಮನೆಗೆ ಬಂದೋರಲ್ಲ ನೀವು.”

“ಹಂಗಾರೆ ನಾಯಿ ಏನು ತಿಂತು?”

“ತಟ್ಟೆ ಕಳಿಸಿದ ಮೊದಲ್ನೇ ದಿನದಿಂದ್ಲೇ ನಾಗಕ್ಕನ ಹಿಂದೆ ದಿನಾ ಬೆಳಗ್ಗೆ ಕರೀಂ ಸಾಬ್ರ ಬೇಕರಿಗೆ ಹೋಗ್ತಿತ್ತು. ಹಾಲಿನಾಗೆ ನೆನೆಸಿದ ನಿನ್ನೆ ಬ್ರೆಡ್ಡು, ಅದ್ರೊಳಗೆ ನಾನು ಕಳಿಸಿದ ಕುಂಬಳದ ಪಲ್ಲೆ. ಸಾಬ್ರು ಕೈಯಾರೆ ಉಣಿಸ್ತಿದ್ರು. ಮಧ್ಯಾಹ್ನ ನಿಮ್ಮ ಮುಂದೆ ಬರೋ ಹೊತ್ತಿಗೆ ಅದಕ್ಕೆ ಹೊಟ್ಟೆ ತುಂಬಿರ್ತಿತ್ತು.”

ವಾಮದೇವಪ್ಪನವರಿಗೆ ಆಗ ಬೆಳಕಾಯಿತು. “ಮತ್ತೆ… ಆ ಏಲಕ್ಕಿ? ಗೋಡಂಬಿ?”

“ನಾಯಿಗೆ ಯಾರಾದ್ರೂ ಏಲಕ್ಕಿ ಹಾಕ್ತಾರೇನ್ರೀ?” ಎಂದರು ಆಕೆ, ದನಿ ತಗ್ಗಿಸಿ. “ಶ್ರಾವಣದಾಗೆ ಸೊರಗಿದ್ದು ನಾಯಿ ಅಲ್ಲ. ಬಾಯಿಬಿಟ್ಟು ತಿನ್ರಿ ಅಂದ್ರೆ ನಿಮ್ಮ ಪ್ರತಿಜ್ಞೆ ಅಡ್ಡ ಬರ್ತೈತೆ. ಅದಕ್ಕೆ ಎರಡ್ನೇ ತಟ್ಟೆಯಿಂದ ನಾಯಿ ಹೆಸರಿನಾಗೆ ಸುಟ್ಟೆ.”

ವಾಮದೇವಪ್ಪನವರು ಹಲಗೆಯ ಮೇಲೆಯೇ ತಲೆ ತಗ್ಗಿಸಿ ನಿಂತಿದ್ದರು. “ಬೀಗ್ರೇ, ತಪ್ಪು ನಂದು,” ಎಂದರು. “ನಾಯಿ ಪಾಲು ತಿಂದೋನು ನಾನು. ಅದರ ಶಿಕ್ಷೆ ಮಗಳಿಗೆ ಬ್ಯಾಡ.”

ಬಕ್ಕೇಶಪ್ಪನವರು ಹೊಟ್ಟೆ ಹಿಡಿದು ನಕ್ಕರು. “ಶಿಕ್ಷೆ ಎಲ್ಲಿಂದು, ಬೀಗ್ರೇ? ಒಂದೇ ತಿಂಗಳಾಗೆ ನಾಯಿಗೂ ಮೈ ತುಂಬಿಸಿ, ಗಂಡನಿಗೂ ಮೈ ತುಂಬಿಸಿ, ಒಂದು ಮಾತು ಆಡದೆ ಸುಮ್ಮನಿದ್ದ ಕೈ ಅದು. ಆ ಕೈಯಾಗೆ ಸೊಸೆನ ಬಿಡಾಕೆ ನನಗೇನು ಭಯ? ಇವತ್ತೇ ಕರ್ಕೊಂಡು ಹೋಗ್ರಿ. ಬಿಸ್ಕತ್ತಿನ ಡಬ್ಬಿ ಕೀಲಿ ಮಾತ್ರ ಕಸ್ತೂರಿ ಹತ್ರ ಇರ್ಲಿ.”

ಅಂದು ಸಂಜೆ ಜಟಕಾ ಗಾಡಿಯಲ್ಲಿ ತಾಯಿ ಮಗಳು ಒತ್ತಿಕೊಂಡು ಕುಳಿತು ನಗುತ್ತಿದ್ದರು. ವಾಮದೇವಪ್ಪನವರು ಮುಂದೆ ಗಾಡಿಯವನ ಪಕ್ಕದಲ್ಲಿದ್ದರು. ತಿಂಗಳಿಂದ ಕಾಣದ ಹಗುರ ಅವರ ಮೈಯಲ್ಲಿತ್ತು, ತಕ್ಕಡಿ ಏನೇ ಹೇಳಲಿ. ಊರ ದೀಪಗಳು ಕಾಣಿಸಿದಾಗ ಅವರು ಮೆಲ್ಲಗೆ ಹರಕೆಯ ಸಂಗತಿ ತಿಳಿಸಿದರು.

“ಉಕ್ಕಡಗಾತ್ರಿಗೆ ನಡಕೊಂಡಾ?” ಎಂದರು ಸರ್ವಮಂಗಳಮ್ಮ. “ಬಾಳ ಒಳ್ಳೇದಾತು. ಹೋಗಿ ಬರ್ರಿ, ಏಳು ರಾತಲೂ ಕರಗ್ತೈತೆ.”

ಮುಂದಿನ ಸೋಮವಾರ ಅವರು ಅದೇ ವೇದಿಕೆಯ ಮೇಲೆ ನಿಂತು, ನಾನೂರು ಜನರ ಮುಂದೆ, ನಾಲ್ಕು ಕುಂಬಳಕಾಯಿಗಳ ಕಥೆಯನ್ನು ಬಿಡದೆ ಒಪ್ಪಿಸಿದರು. ಸಭೆ ಅಂದು ತಲೆದೂಗಲಿಲ್ಲ. ಬಿದ್ದು ಬಿದ್ದು ನಕ್ಕಿತು. ನಕ್ಕವರಲ್ಲಿ ಅರ್ಧ ಜನ ಹೊರಗೆ ಹೋಗುವಾಗ ತಮ್ಮ ತಮ್ಮ ಹೆಗಲು ಮುಟ್ಟಿ ನೋಡಿಕೊಂಡರು.

ಆದ್ದರಿಂದ, ಬಂಧುಗಳೇ, ನಿಮ್ಮಲ್ಲಿ ಯಾರಾದರೂ ಹಠದ ವ್ರತ ಹಿಡಿದು ಸೊರಗುತ್ತಿದ್ದರೆ ಅವರೊಡನೆ ವಾದ ಮಾಡಬೇಡಿ; ಇಂದೇ ಒಂದು ಕುಂಬಳಕಾಯಿ ಇಳಿಸಿ, ನಾಯಿಯ ಹೆಸರಿನಲ್ಲಿ ಒಂದು ತಟ್ಟೆ ಬಿಸ್ಕತ್ತು ಸುಟ್ಟು ಜಗಲಿಯ ಮೇಲಿಡಿ, ಏಲಕ್ಕಿಯನ್ನು ಮರೆಯದೆ. ತಿಂದವರು ನೀವೇ ಆಗಿದ್ದರೆ, ಬೀಗರು ಕರೆಯುವವರೆಗೆ ಕಾಯದೆ, ನೀವಾಗಿಯೇ ತಕ್ಕಡಿ ಹತ್ತಿ. ಹತ್ತುವ ಮೊದಲು ವಲ್ಲಿಯನ್ನೊಮ್ಮೆ ಕೊಡವಿಕೊಳ್ಳಿ. ಮನೆಯಲ್ಲಿ ಅದನ್ನು ಒಗೆಯುವವರಿಗೆ ಅಷ್ಟಾದರೂ ಉಪಕಾರವಾಗಲಿ.