ಹಸಿರು ಬಕೆಟ್ಟಿನ ಆಯುಷ್ಯ

ಜಯನಗರದ ಆ ಮನೆಯಲ್ಲಿ ಅಮ್ಮಣ್ಣಿಯವರಿಗೆ ಇದ್ದ ಶತ್ರು ಒಂದೇ, ಬಚ್ಚಲಿನ ಹಸಿರು ಪ್ಲಾಸ್ಟಿಕ್ ಬಕೆಟ್ಟು. ಅದರ ಬಣ್ಣ ಹೋಗಿತ್ತು, ಹಿಡಿ ಹೋಗಿತ್ತು, ಮಾನ ಯಾವತ್ತೋ ಹೋಗಿತ್ತು. ಪ್ರಾಣ ಮಾತ್ರ ಹೋಗುತ್ತಿರಲಿಲ್ಲ. ಅದು ಒಡೆದರೆ ಸ್ಟೀಲಿನದು ಕೊಡಿಸುವುದಾಗಿ ಯಜಮಾನರು ವೆಂಕಟಾಚಲಯ್ಯನವರು ಮಾತು ಕೊಟ್ಟಿದ್ದರು. ಕೊನೆಗೂ ಒಂದು ಭಾನುವಾರ ತಳದಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತು. (ಅಮ್ಮಣ್ಣಿ ಅವತ್ತು ದೇವರಿಗೆ ತುಪ್ಪದ ದೀಪ ಹಚ್ಚಿದರು.)

"ಸ್ಟೀಲ್ ಯಾಕೆ? ನಾನೇ ಬೆಸುಗೆ ಹಾಕ್ತೀನಿ," ಎಂದುಬಿಟ್ಟರು ಯಜಮಾನರು. ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಬಕೆಟ್ಟನ್ನು ಅಡುಗೆಮನೆಯಲ್ಲಿ ಬೋರಲು ಹಾಕಿ, ಮುರಿದ ಮಗ್ಗಿನ ಚೂರು ಹಿಡಿದು ಕೂತರು. ಹಳೇ ಚಾಕುವನ್ನು ಗ್ಯಾಸಿನ ಮೇಲೆ ಕಾಯಿಸಿಕೊಡುವ ಕೆಲಸ ಅಮ್ಮಣ್ಣಿಯದು.

"ನೋಡು, ಶಾಖ ಕಮ್ಮಿ ಆದ್ರೆ ಪ್ಲಾಸ್ಟಿಕ್ಕು ಮುದ್ದೆ ಥರ ಕೂತ್ಕೊಳುತ್ತೆ. ಜಾಸ್ತಿ ಆದ್ರೆ ತಿಳಿಸಾರು. ಹರಿದು, ತಳಾನೂ ಕರಗಿಸಿ ಹಾಳು ಮಾಡುತ್ತೆ."

"ಮೈಸೂರುಪಾಕದ ಹಾಗೆ ಅನ್ನಿ."

"ಎಲ್ಲಾನೂ ಒಲೆಗೇ ತರ್ತೀಯಲ್ಲೇ."

"ಒಲೆ ಮುಂದೆ ನಿಂತಿರೋಳು ನಾನೇ ಅಲ್ವೇನ್ರೀ."

ಮೊದಲ ಸಲ ಪ್ಲಾಸ್ಟಿಕ್ಕು ಬಿರುಕಿನ ಮೇಲೆ ಮುದ್ದೆಯಾಗಿ ಕೂತಿತು. ನೀರು ಹಾಕಿದರೆ ಸೋರಿತು. ಎರಡನೇ ಸಲವೂ ಅಷ್ಟೇ. ಆದರೆ ಯಜಮಾನರು ಬಿಡುವ ಆಸಾಮಿಯಲ್ಲ. ಹೀಗೇ ಬಿಟ್ಟರೆ ಸಂಕ್ರಾಂತಿಯವರೆಗೂ ಮೆತ್ತುತ್ತಿದ್ದರು. ಅಮ್ಮಣ್ಣಿ ಇಸ್ಕೂಲಿಗೆ ಹೆಚ್ಚು ಹೋದವರಲ್ಲ, ಆದರೆ ಕಿವಿಗೆ ಬಿದ್ದ ಮಾತನ್ನು ಪೋಲು ಮಾಡುವವರೂ ಅಲ್ಲ. 'ತಿಳಿಸಾರು' ನೆನಪಿಗೆ ಬಂತು. ಮೆಲ್ಲಗೆ ಉರಿ ಪೂರ್ತಿ ಏರಿಸಿದರು.

"ಸಾಕು, ತಾ."

"ಇರೀಂದ್ರೆ. ಇನ್ನೂ ಕಾದೇ ಇಲ್ಲ."

ಚಾಕು ತಾಕಿದ್ದೇ ಮಗ್ಗಿನ ಚೂರು ತುಪ್ಪದಂತೆ ಇಳಿದು, ಬಿರುಕಿನ ಉದ್ದಕ್ಕೂ ಸರಸರನೆ ಹರಿದು ಒಳಗೆ ಮಾಯವಾಯಿತು. ಅಮ್ಮಣ್ಣಿ ಮನಸ್ಸಿನಲ್ಲೇ ಸ್ಟೀಲ್ ಬಕೆಟ್ಟಿಗೆ ಅರಿಸಿನ ಕುಂಕುಮ ಇಟ್ಟರು. ಆರಿದ ಮೇಲೆ ಯಜಮಾನರು ನೀರು ತುಂಬಿದರು. ಒಂದು ಹನಿಯೂ ಸೋರಲಿಲ್ಲ.

"ಭೇಷ್ ಕಣೇ," ಎಂದರು ಅವರು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ. "ಇಷ್ಟು ಸಣ್ಣ ಸೀಳಿಗೆ ಮುದ್ದೆ ಹೇಗೆ ಇಳಿಯುತ್ತೆ? ತೆಳ್ಳಗೇ ಆಗ್ಬೇಕು. ನಂಗೇ ಹೊಳೀಲಿಲ್ಲ, ನಿಂಗೆ ಹೊಳೀತು."

ಅಮ್ಮಣ್ಣಿ ಗ್ಯಾಸ್ ಆರಿಸಿದರು.

ಸಾಯಂಕಾಲದೊಳಗೆ ಬೀದಿಗೆಲ್ಲ ಸುದ್ದಿಯಾಯಿತು. ಪಕ್ಕದ ಮನೆಯ ವಿಜಯಲಕ್ಷ್ಮಿ ಸೀಳಿದ ಟಬ್ಬು ಹೊತ್ತು ಬಂದಳು. "ಆಂಟಿ, ಹದ ನೀವೇ ನೋಡ್ಬೇಕಂತೆ?"

"ಅವಳೇ ನೋಡ್ಬೇಕು," ಎಂದರು ಯಜಮಾನರು, ಮದುವೆಯ ಹೊಸತರಲ್ಲೂ ತೋರಿಸದಿದ್ದ ಅಕ್ಕರೆಯಿಂದ ಹೆಂಡತಿಯನ್ನು ನೋಡುತ್ತ. "ಇವಳಿರೋ ತನಕ ಈ ಮನೆಗೆ ಹೊಸ ಬಕೆಟ್ ಬರಲ್ಲಮ್ಮ."