ಬೀಗರ ಊಟ ಮತ್ತು ಕುಕ್ಕರಿನ ಕೂಗು

ಗಂಡಸಿಗೆ ಹುಲಿಯ ಭಯವಿದ್ದರೆ ಅದಕ್ಕೊಂದು ಮರ್ಯಾದೆ ಇದೆ, ಹಾವಿನ ಭಯವಾದರೂ ಪರವಾಗಿಲ್ಲ. ಕುಕ್ಕರಿನ ಭಯ ಮಾತ್ರ ಇರಬಾರದು. ನನಗಿದೆ. ನಂಜನಗೂಡಿನ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ನಾನು, ಒಮ್ಮೆ ನಮ್ಮನೆ ಕುಕ್ಕರ್ ಸಿಡಿದು ಹುರುಳಿಕಾಳೆಲ್ಲ ಸೂರಿಗೆ ಅಂಟಿದಂದಿನಿಂದ, ಅದು ಕೂಗಿದರೆ ಅಂಗಳದಲ್ಲಿರುತ್ತೇನೆ. ಕಾಲು ಮುಂದೆ ಓಡುತ್ತದೆ, ನಾನು ಹಿಂದಿನಿಂದ ಹೋಗಿ ಸೇರಿಕೊಳ್ಳುತ್ತೇನೆ.

ಇದರಲ್ಲಿ ನನ್ನ ತಪ್ಪಿಲ್ಲವೆಂದು ಹೆಂಡತಿಗೆ ಶಾಸ್ತ್ರೋಕ್ತವಾಗಿ ವಿವರಿಸಿದೆ. ಮೆದುಳಿನಲ್ಲಿ ಬಾದಾಮಿಯಷ್ಟು ಜಾಗವೊಂದಿದೆ. ಹೆದರಿದ ಗಳಿಗೆಯಲ್ಲಿ ಅಲ್ಲಿನ ಕೆಲವು ಜೀವಕೋಶಗಳು ಒಟ್ಟಿಗೆ ಎಚ್ಚೆತ್ತು ತಮ್ಮೊಳಗಿನ ಕೊಂಡಿ ಬಿಗಿ ಮಾಡಿಕೊಳ್ಳುತ್ತವೆ. ಆಮೇಲೆ ಸದ್ದು ಕೇಳಿದರೆ ಸಾಕು, ಅವೇ ಎದ್ದು ಕೂರುತ್ತವೆ. ಕವಲಂದೆಯ ಹೆಣ್ಣುಮಗಳಾದ ಆಕೆ ಪೂರ್ತಿ ಕೇಳಿ, "ನೆನ್ನೆ ಕೊತ್ತಂಬ್ರಿ ಸೊಪ್ಪು ತನ್ನಿ ಅಂದಿದ್ದು ಆ ಬಾದಾಮಿಗೆ ಓಗ್ಲಿಲ್ವಾ?" ಅಂದಳು.

ಮದ್ದೂ ಶಾಸ್ತ್ರದಲ್ಲೇ ಇದೆ. ಏನೂ ಅನಾಹುತವಾಗದೆ ಅದೇ ಸದ್ದು ಮತ್ತೆ ಮತ್ತೆ ಕೇಳಿದರೆ ಹಳೆಯ ನೆನಪಿನ ಮೇಲೆ ಹೊಸದೊಂದು ಕೂರುತ್ತದೆ. ಮಗಳ ಮದುವೆ ಮುಗಿದು ತಿ. ನರಸೀಪುರದಲ್ಲಿ ಬೀಗರ ಊಟ ನಿಗದಿಯಾಗಿತ್ತು. ಗಂಡನ ಮನೆಯಲ್ಲಿ ಅವಳ ಮಾನ ಹೋಗಬಾರದೆಂದು ದಿನಾ ಬೆಳಿಗ್ಗೆ ಅಡುಗೆಮನೆಯ ಬಾಗಿಲು ಹಿಡಿದು ನಿಂತೆ. ಕ್ರಮೇಣ ಕಾಫಿ ಕುಡಿಯುತ್ತಲೇ ಕುಕ್ಕರಿನ ಕೂಗು ಎಣಿಸುವಷ್ಟಾದೆ. ತರಗತಿಯಲ್ಲಿ ನಾನೇ ಹೇಳುವ ಒಂದು ಮಾತು ಮಾತ್ರ ಮರೆತಿದ್ದೆ: ಧೈರ್ಯ ಸಾಮಾನ್ಯವಾಗಿ ಕಲಿತ ಜಾಗದಲ್ಲೇ ಉಳಿದುಬಿಡುತ್ತದೆ, ಭಯ ಹೋದಲ್ಲೆಲ್ಲ ಜೊತೆಗೆ ಬರುತ್ತದೆ.

ಎಲೆಗೆ ಮುದ್ದೆ ಬಿದ್ದು ಮೊದಲ ತುತ್ತು ಮುರಿದಿದ್ದೆ. ಬೀಗರ ಅಡುಗೆಮನೆಯಲ್ಲಿ ಮಟನ್ ಕುಕ್ಕರ್ ಕೂಗಿತು. ಎಚ್ಚರವಾದಾಗ ನಾನು ಅಂಗಳದಲ್ಲಿದ್ದೆ, ತುತ್ತು ಕೈಯಲ್ಲೇ ಇತ್ತು. ಬೀಗರ ಊಟದಲ್ಲಿ ಹೆಣ್ಣಿನ ಅಪ್ಪ ಎಲೆ ಬಿಟ್ಟು ಎದ್ದರೆ ನಮ್ಮ ಕಡೆ ಅರ್ಥ ಒಂದೇ, ಆತನಿಗೆ ಅವಮಾನವಾಗಿದೆ. ಬೀಗರು ಬೆವರುತ್ತ ಓಡಿಬಂದರು.

"ಏನ್ ಕಮ್ಮಿ ಆಯ್ತು ಬೀಗ್ರೇ? ತಪ್ಪಾಗಿದ್ರೆ ಒಟ್ಟೆಗಾಕ್ಕೊಳಿ."

ಅವರ ಹಿಂದೆ ಮಗಳು ಅಳುಮುಖ ಮಾಡಿಕೊಂಡು ನಿಂತಿದ್ದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೊನೆಗೆ ಹೆಂಡತಿಯೇ ನಿಜ ಹೇಳಿದಳು: "ಅವ್ರಿಗೆ ಕುಕ್ಕರ್ ಕಂಡ್ರೆ ಭಯ ಕಣಣ್ಣ, ಅಷ್ಟೇಯ."

ಬೀಗರು ನಂಬಲಿಲ್ಲ. ಗಂಡನ ಸಿಟ್ಟು ಮುಚ್ಚಲು ಆಕೆ ಕಟ್ಟಿದ ಕತೆಯೆಂದೇ ತಿಳಿದರು. ಅಂದಿನಿಂದ ಸಿಡುಕ ಅಪ್ಪನ ಮಗಳೆಂದು ಅವಳಿಗೆ ಆ ಮನೆಯಲ್ಲಿ ಬಹಳ ಮರ್ಯಾದೆ. ಅಲ್ಲಿ ಉಣ್ಣುವಾಗ ಜೋಮು ಹಿಡಿದು ನಾನು ಕಾಲು ಕದಲಿಸಿದರೂ ಬೀಗರು ಸೌಟು ಹಿಡಿದು ಎದ್ದು ನಿಲ್ಲುತ್ತಾರೆ. ಅವರ ಬಾದಾಮಿಯೊಳಗೆ ಈಗ ನಾನೇ ಕುಕ್ಕರ್. ನಾನು ಸಿಡಿಯುವವನಲ್ಲ ಎಂದು ಅವರಿಗೆ ಹೇಳಿಬಿಡಬೇಕು, ಆದರೆ ಮಗಳ ಮುಖ ನೋಡಿದರೆ ಧೈರ್ಯ ಬರುವುದಿಲ್ಲ.